ಕಣ್ಣು ಒಗ್ಗುವುದೆಂದರೆ: ಗಟ್ಟಿ ಲೆನ್ಸಿನ ಕಥೆ

ಮಸೂರ ಎಂದರೆ ನಮ್ಮ ಅಡುಗೆಮನೆಯಲ್ಲಿ ಒಂದು ಬೇಳೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದೇ ಶಬ್ದಕ್ಕೆ ಲೆನ್ಸ್ ಎಂಬ ಅರ್ಥ. ಉರ್ದು ಶಾಲೆಯಲ್ಲಿ ಕಲಿತವರು ಲೆನ್ಸಿಗೆ 'ಅದಸಾ' ಎನ್ನುತ್ತಾರೆ. ಅದರ ಮೂಲವಾದ ಅರಬ್ಬಿಯ 'ಅದಸ್' ಕೂಡ ಮಸೂರ ಬೇಳೆಯೇ. ಇಂಗ್ಲಿಷಿನ ಲೆನ್ಸ್ ಎಂಬ ಶಬ್ದವೂ ಲ್ಯಾಟಿನ್ ಭಾಷೆಯ ಅದೇ ಬೇಳೆಯ ಹೆಸರಿನಿಂದ ಹುಟ್ಟಿದೆ. ಎರಡೂ ಕಡೆ ಉಬ್ಬಿದ ಆ ಪುಟ್ಟ ಕಾಳಿನ ಆಕಾರ ಇಷ್ಟೊಂದು ಭಾಷೆಗಳ ಜನರಿಗೆ ಒಂದೇ ಉಪಮೆಯನ್ನು ಒದಗಿಸಿದೆ.

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪೊರೆಯ ಹೆಸರಿನಲ್ಲೂ ಇಂಥದೇ ಸೋಜಿಗವಿದೆ. ಅರಬ್ಬಿಯಲ್ಲಿ 'ಕರ್ನ್' ಎಂದರೆ ಕೊಂಬು, ಅದರಿಂದ 'ಕರ್ನಿಯಾ'. ಲ್ಯಾಟಿನ್ನಿನಲ್ಲಿ 'ಕಾರ್ನು' ಎಂದರೆ ಕೊಂಬು, ಅದರಿಂದ 'ಕಾರ್ನಿಯಾ'. ಜರ್ಮನ್ನರು ಅದನ್ನು ನೇರವಾಗಿ ಕೊಂಬಿನ ಚರ್ಮ ಎಂದೇ ಕರೆದರು. ತೆಳ್ಳಗೆ ಸೀಳಿದ ಕೊಂಬಿನ ಹಾಳೆ ಬೆಳಕನ್ನು ಒಳಬಿಡುವಂತೆ ಈ ಪೊರೆಯೂ ಬಿಡುತ್ತದೆ ಎಂಬುದು ಹಳೆಯ ವೈದ್ಯರ ಹೋಲಿಕೆ. ಆದರೆ ಹೆಸರು ಕೊಂಬಿನದಾದರೂ ಗುಣ ಕೊಂಬಿನದಲ್ಲ. ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಈ ಪೊರೆಯಲ್ಲಿ ನರಗಳ ತುದಿಗಳು ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ರಾಗಿಹಿಟ್ಟಿನ ಒಂದು ಕಣ ಬಿದ್ದರೆ ಸಾಕು, ಇಡೀ ಮನುಷ್ಯನನ್ನು ಅದು ಕೂತಲ್ಲಿಂದ ಎಬ್ಬಿಸಿಬಿಡುತ್ತದೆ.

ಇಂಥ ಜಾಗದ ಮೇಲೆ ಒಂದು ಗಟ್ಟಿ ಬಿಲ್ಲೆಯನ್ನಿಟ್ಟು, ಅದನ್ನೇ ಸೈರಿಸಿಕೊಂಡು ದಿನವಿಡೀ ಓಡಾಡುವುದನ್ನು ಮನುಷ್ಯ ಹೇಗೆ ಕಲಿತ? ಕಣ್ಣು ಅದಕ್ಕೆ ಹೇಗೆ ಒಗ್ಗಿತು? ಒಗ್ಗಿತು ಎಂದು ನಾವು ಹೇಳುವಾಗ ನಿಜವಾಗಿ ನಡೆದಿರುವುದೇನು? ಕೊನೆಯ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕೆ ಹತ್ತಿರದ ಕಾಲ ಬೇಕಾಯಿತು. ಆ ಉತ್ತರ ಅಷ್ಟೇನೂ ಹಿತವಾದದ್ದಲ್ಲ.

ಕಣ್ಣಿನ ನೋವನ್ನು ಸಾಕ್ಷಿಯಾಗಿ ಕರೆದ ವಿದ್ವಾಂಸರಲ್ಲಿ ಇಬ್ನ್ ಅಲ್ ಹೈಸಮ್ ಹೆಸರು ದೊಡ್ಡದು. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದವರು. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಅವರು ಬರೆದ 'ಕಿತಾಬುಲ್ ಮನಾಜಿರ್' ಬೆಳಕು ಮತ್ತು ನೋಟದ ಕುರಿತ ಮಹತ್ವದ ಗ್ರಂಥ. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂಬ ಮಾತು ಆಗ ಪ್ರಬಲವಾಗಿತ್ತು. ಇಬ್ನ್ ಅಲ್ ಹೈಸಮ್ ಅದನ್ನು ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ; ನೋಯುತ್ತದೆ ಎಂದಮೇಲೆ ಬೆಳಕು ಹೊರಗಿನಿಂದ ಬಂದು ಕಣ್ಣಿನ ಮೇಲೆ ಏನನ್ನೋ ಮಾಡುತ್ತಿದೆ ಎಂದರ್ಥ. ಇದು ಅವರ ವಾದದ ಒಂದು ಎಳೆ. ನೋವನ್ನು ಅವರು ಅಡಗಿಸಬೇಕಾದ ತೊಂದರೆ ಎಂದು ನೋಡಲಿಲ್ಲ, ವಿಚಾರಿಸಬೇಕಾದ ಸಾಕ್ಷಿ ಎಂದು ನೋಡಿದರು. ಮುಂದೆ ಬಂದವರು ಈ ಪಾಠವನ್ನು ಆಗಾಗ ಮರೆತರು.

ಕಣ್ಣಿಗೆ ಅಂಟಿಕೊಂಡಂತೆ ಲೆನ್ಸ್ ಇಡುವ ಯೋಚನೆಯ ಚರಿತ್ರೆ ನೀರಿನಿಂದ ಶುರುವಾಗುತ್ತದೆ. 1508ರ ಸುಮಾರಿನ ಲಿಯೊನಾರ್ಡೊ ಡ ವಿಂಚಿಯ ಬರಹದಲ್ಲಿ ನೀರಿನ ಪಾತ್ರೆಯೊಳಗೆ ಮುಖವಿಟ್ಟು ನೋಡುವ ಚಿತ್ರವಿದೆಯೆಂದು ಅವನನ್ನೇ ಕಾಂಟ್ಯಾಕ್ಟ್ ಲೆನ್ಸಿನ ಜನಕನೆಂದು ಹೇಳುವವರಿದ್ದಾರೆ. ಆದರೆ ದೃಷ್ಟಿದೋಷ ಸರಿಪಡಿಸುವುದು ಅವನ ಉದ್ದೇಶವಾಗಿರಲಿಲ್ಲ ಎಂಬುದು ತಿಳಿದವರ ಮಾತು. 1637ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ನೀರು ತುಂಬಿದ ಕೊಳವೆಯೊಂದನ್ನು ಕಣ್ಣಿಗೆ ಒತ್ತಿ ಹಿಡಿಯುವ ಸಂಗತಿ ಬರೆದ. ಕೊಳವೆಯ ತುದಿಗೆ ಗಾಜು. ಆದರೆ ಆ ಕೊಳವೆಯನ್ನು ಹಿಡಿದುಕೊಂಡು ರೆಪ್ಪೆ ಬಡಿಯಲು ಬರುವುದಿಲ್ಲ. 1801ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಅಂಥದೇ ನೀರಿನ ಕೊಳವೆಯನ್ನು ತನ್ನ ಕಣ್ಣಿಗೇ ಇಟ್ಟುಕೊಂಡು ಪ್ರಯೋಗ ಮಾಡಿದ. ನೀರು ತಾಗಿದೊಡನೆ ಕಾರ್ನಿಯಾ ಬೆಳಕನ್ನು ಬಾಗಿಸುವ ತನ್ನ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ; ಆ ಕೆಲಸವನ್ನು ಮುಂದಿನ ಗಾಜು ವಹಿಸಿಕೊಳ್ಳುತ್ತದೆ. ಇಂದಿನ ಗಟ್ಟಿ ಲೆನ್ಸಿನ ಗುಟ್ಟೂ ಇದೇ. ಲೆನ್ಸಿಗೂ ಕಣ್ಣಿಗೂ ನಡುವೆ ನಿಲ್ಲುವ ಕಣ್ಣೀರು ಕಾರ್ನಿಯಾದ ಏರುತಗ್ಗುಗಳನ್ನು ತುಂಬಿ ಸಮ ಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಖಗೋಳಜ್ಞ ಜಾನ್ ಹರ್ಷಲ್ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ನಿಯಾದ ಅಚ್ಚು ತೆಗೆದು ಅದಕ್ಕೆ ತಕ್ಕ ಗಾಜು ಮಾಡಬಹುದಲ್ಲ ಎಂದು ಬರೆದರು. ಆದರೆ ಬದುಕಿರುವ ಕಣ್ಣು ತನ್ನನ್ನು ಮುಟ್ಟಗೊಡಬೇಕಲ್ಲ!

ಮುಟ್ಟಗೊಡುವಂತೆ ಮಾಡಿದ್ದು 1884. ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ಯುವ ವೈದ್ಯ ಕೊಕೇನ್ ದ್ರಾವಣದ ಹನಿಗಳು ಕಣ್ಣನ್ನು ಮರಗಟ್ಟಿಸುತ್ತವೆ ಎಂದು ತೋರಿಸಿದ. ಕಣ್ಣಿನ ಶಸ್ತ್ರಚಿಕಿತ್ಸೆಯ ಚರಿತ್ರೆ ಅಲ್ಲಿಂದ ಬದಲಾಯಿತು. ಮೂರೇ ವರ್ಷಗಳಲ್ಲಿ ಕಣ್ಣಿನ ಮೇಲಿಡುವ ಗಾಜಿನ ಚಿಪ್ಪುಗಳು ಯುರೋಪಿನ ಬೇರೆ ಬೇರೆ ಊರುಗಳಲ್ಲಿ ಕಾಣಿಸಿಕೊಂಡವು.

1887ರಲ್ಲಿ ಜರ್ಮನಿಯ ವೀಸ್‌ಬಾಡೆನ್ ಊರಿನ ಮುಲ್ಲರ್ ಕುಟುಂಬದವರ ಬಳಿ ಒಬ್ಬ ರೋಗಿಯನ್ನು ಕಳಿಸಲಾಯಿತು. ಅವರು ಗಾಜು ಊದಿ ಕೃತಕ ಕಣ್ಣು ಮಾಡುವ ಕಸುಬಿನವರು. ರೋಗಿಯ ರೆಪ್ಪೆ ಕಾಯಿಲೆಯಿಂದ ನಾಶವಾಗಿತ್ತು. ಮುಚ್ಚಲಾಗದ ಕಣ್ಣು ಒಣಗುತ್ತಿತ್ತು. ಅವರು ನಡುವೆ ಪಾರದರ್ಶಕವಾಗಿರುವ ತೆಳುವಾದ ಗಾಜಿನ ಚಿಪ್ಪೊಂದನ್ನು ಊದಿ ಕೊಟ್ಟರು. ಆ ರೋಗಿ ಅಂಥ ಚಿಪ್ಪನ್ನು ವರ್ಷಗಟ್ಟಲೆ ತೊಟ್ಟ, ಕಣ್ಣು ಉಳಿಯಿತು. ಪದವಿಯಿಲ್ಲದ ಕುಶಲಕರ್ಮಿಗಳ ಕೈಯಲ್ಲಿ ಆದ ಈ ಕೆಲಸ ಪಂಡಿತರ ಪತ್ರಿಕೆಗಳಲ್ಲಿ ಬೇಗ ಬರಲಿಲ್ಲ ಎಂಬುದನ್ನು ನಾವಿಲ್ಲಿ ಗಮನಿಸಬೇಕು.

1888ರಲ್ಲಿ ಜ್ಯೂರಿಕ್‌ನ ವೈದ್ಯ ಅಡಾಲ್ಫ್ ಯುಜೀನ್ ಫಿಕ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಮೊದಲು ಮೊಲಗಳ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ, ಅನಂತರ ಕೆಲವು ರೋಗಿಗಳಿಗೆ. ಚಿಪ್ಪಿನಡಿಯಲ್ಲಿ ದ್ರಾಕ್ಷಿ ಸಕ್ಕರೆಯ ದ್ರಾವಣ ತುಂಬುತ್ತಿದ್ದ. 'ಕಾಂಟ್ಯಾಕ್ಟ್' ಎಂಬ ಮಾತು ಈ ಸಾಧನಕ್ಕೆ ಅಂಟಿಕೊಂಡದ್ದು ಅವನಿಂದಲೇ. ಅವನು ಇಟ್ಟ ಹೆಸರು 'ಕಾಂಟಾಕ್ಟ್‌ಬ್ರಿಲ್ಲೆ', ಅಂದರೆ ತಾಗಿ ಕೂರುವ ಕನ್ನಡಕ. ಎರಡು ಗಂಟೆ ಕಳೆಯುವಷ್ಟರಲ್ಲಿ ಕಣ್ಣಿಗೆ ಮಬ್ಬು ಕವಿಯುತ್ತಿತ್ತು, ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತಿದ್ದವು. ಅದನ್ನೂ ಫಿಕ್ ಮುಚ್ಚಿಡದೆ ಬರೆದಿಟ್ಟ. ಅದೇ ವರ್ಷ ಪ್ಯಾರಿಸ್ಸಿನ ಯುಜೀನ್ ಕಾಲ್ಟ್, ಕಾರ್ನಿಯಾ ಶಂಕುವಿನಂತೆ ಚೂಪಾಗುವ ಕೆರಟೋಕೋನಸ್ ಎಂಬ ಕಾಯಿಲೆಗೆ ಗಾಜಿನ ಚಿಪ್ಪುಗಳನ್ನು ಬಳಸಿ ನೋಡಿದ.

ನಮ್ಮ ಮನಸ್ಸನ್ನು ಹೆಚ್ಚು ತಟ್ಟುವವನು ಮೂರನೆಯವನು. ಆಗಸ್ಟ್ ಮುಲ್ಲರ್ ಕೀಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿ. ವೀಸ್‌ಬಾಡೆನ್ನಿನ ಮುಲ್ಲರ್‌ಗಳಿಗೂ ಇವನಿಗೂ ಸಂಬಂಧವಿಲ್ಲ. ಇವನಿಗೆ ಮೈನಸ್ 14ರಷ್ಟು ಸಮೀಪದೃಷ್ಟಿ. ಕನ್ನಡಕ ತೆಗೆದರೆ ಒಂದು ಗೇಣಿನಾಚೆಯದೆಲ್ಲ ಮಸುಕು. ಬರ್ಲಿನ್ನಿನ ಕುಶಲಕರ್ಮಿ ಹಿಮ್ಲರ್ ಎಂಬಾತನಿಂದ ಗಾಜು ಅರೆಸಿಕೊಂಡು, ಗಾಳಿಗುಳ್ಳೆ ನಿಲ್ಲಬಾರದೆಂದು ನೀರಿನೊಳಗೆ ಮುಖ ಮುಳುಗಿಸಿ ಅದನ್ನು ಕಣ್ಣಿಗೆ ಇಟ್ಟುಕೊಳ್ಳುತ್ತಿದ್ದ. ಕೊಕೇನ್ ಹನಿ ಹಾಕಿಕೊಂಡರೂ ಅರ್ಧ ಗಂಟೆಗಿಂತ ಹೆಚ್ಚು ತಡೆಯಲಾಗಲಿಲ್ಲ. 1889ರಲ್ಲಿ ಅದನ್ನೆಲ್ಲ ಪ್ರಬಂಧವಾಗಿ ಬರೆದು ಪದವಿ ಪಡೆದ. ಆಮೇಲೆ ಕಣ್ಣಿನ ಗೊಡವೆ ಬಿಟ್ಟು ಮೂಳೆ ವೈದ್ಯನಾದ. ಕನಸು ಕಂಡವನೇ ಅದರ ನೋವುಂಡು ಹಿಂದೆ ಸರಿದ ಕಥೆಯಿದು. ಆದರೂ ಚಿಪ್ಪಿನಡಿ ಕಣ್ಣೀರು ಹರಿದಾಡಲು ಜಾಗ ಬೇಕು ಎಂಬ ಸುಳಿವು ಅವನ ಬರಹದಲ್ಲಿತ್ತು. ಅದನ್ನು ಹಿಡಿದು ಮುಂದೆ ಹೋಗುವವರು ಬಹಳ ಕಾಲ ಬರಲಿಲ್ಲ.

ಮುಂದಿನ ಐವತ್ತು ವರ್ಷ ಗಾಜಿನ ಕಾಲ. ಕರಿಗುಡ್ಡೆಯನ್ನೂ ಬಿಳಿಗುಡ್ಡೆಯ ಬಹುಭಾಗವನ್ನೂ ಮುಚ್ಚುವ ದೊಡ್ಡ ಚಿಪ್ಪುಗಳು ಅವು. ಊದಿದ ಗಾಜು ಕಣ್ಣಿಗೆ ಸ್ವಲ್ಪ ಹಿತ, ಆದರೆ ನೋಟ ಅಷ್ಟು ಶುದ್ಧವಲ್ಲ. ಜರ್ಮನಿಯ ಜೈಸ್ ಕಂಪನಿ ಅರೆದು ಮಾಡಿದ ಗಾಜಿನಲ್ಲಿ ನೋಟ ಚೆನ್ನ, ಆದರೆ ಕಣ್ಣಿಗೆ ಹಿಂಸೆ. ಬುಡಾಪೆಸ್ಟಿನ ಜೋಸೆಫ್ ಡಾಲೋಸ್ 1930ರ ಆಸುಪಾಸಿನಲ್ಲಿ ಬದುಕಿರುವ ಕಣ್ಣಿನಿಂದಲೇ ಅಚ್ಚು ತೆಗೆದು, ಒಬ್ಬೊಬ್ಬರ ಕಣ್ಣಿಗೂ ಬೇರೆ ಬೇರೆ ಚಿಪ್ಪು ಮಾಡತೊಡಗಿದರು. ಹರ್ಷಲ್‌ನ ಯೋಚನೆ ಹೀಗೆ ಕೈಗೂಡಿತು. ಡಾಲೋಸ್ 1937ರಲ್ಲಿ ಲಂಡನ್ನಿಗೆ ಹೋಗಿ ನೆಲೆಸಿದರು. ಎಲ್ಲರ ಕಣ್ಣಿಗೂ ಒಂದೇ ಅಳತೆ ಆಗದು ಎಂಬ ಸರಳ ಸತ್ಯವನ್ನು ಕಸುಬಾಗಿ ಮಾಡಿದವರು ಅವರು.

ಅಷ್ಟರಲ್ಲಿ ಪ್ಲಾಸ್ಟಿಕ್ ಬಂತು. 1930ರ ದಶಕದಲ್ಲಿ ಪರ್ಸ್‌ಪೆಕ್ಸ್, ಪ್ಲೆಕ್ಸಿಗ್ಲಾಸ್ ಎಂಬ ಹೆಸರುಗಳಲ್ಲಿ ಮಾರುಕಟ್ಟೆಗೆ ಬಂದ ಈ ವಸ್ತುವಿನ ರಾಸಾಯನಿಕ ಹೆಸರು ಚಿಕ್ಕದಾಗಿ ಪಿಎಂಎಂಎ. ಗಾಜಿಗಿಂತ ಹಗುರ, ಒಡೆಯುವುದು ಕಡಿಮೆ, ಲೇತ್ ಮೇಲಿಟ್ಟು ಕೊರೆಯಬಹುದು. ನ್ಯೂಯಾರ್ಕಿನ ಫೈನ್‌ಬ್ಲೂಮ್ 1936ರಲ್ಲಿ ಅಂಚಿಗೆ ಪ್ಲಾಸ್ಟಿಕ್, ನಡುವೆ ಗಾಜು ಇಟ್ಟು ಚಿಪ್ಪು ಮಾಡಿದ. ಬೇಗನೆ ಇಡೀ ಚಿಪ್ಪೇ ಪ್ಲಾಸ್ಟಿಕ್ ಆಯಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಸಿಡಿದು ಪೈಲಟ್‌ಗಳ ಕಣ್ಣಿಗೆ ನಾಟಿದ ಪರ್ಸ್‌ಪೆಕ್ಸ್ ಚೂರುಗಳು ಕಣ್ಣಿನೊಳಗೆ ಕೆರಳದೆ ಸುಮ್ಮನಿದ್ದುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದ್ದರು. 1949ರಲ್ಲಿ ಅದೇ ಬಗೆಯ ವಸ್ತುವಿನಿಂದ ಮಾಡಿದ ಲೆನ್ಸನ್ನು ಅವರು ರೋಗಿಯ ಕಣ್ಣಿನೊಳಗೇ ಕೂರಿಸಿದರು. ಇಂದು ಪೊರೆಯ ಆಪರೇಷನ್ ಆದ ನಮ್ಮ ಅಜ್ಜ ಅಜ್ಜಿಯರ ಕಣ್ಣಲ್ಲಿರುವುದು ಆ ಲೆನ್ಸಿನ ಸಂತಾನ.

1948ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕೆವಿನ್ ಟುವೋಹಿ ಎಂಬ ಲೆನ್ಸ್ ತಂತ್ರಜ್ಞ ಹೊಸ ಬಗೆಯ ಲೆನ್ಸಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. ದೊಡ್ಡ ಚಿಪ್ಪನ್ನು ಕೊರೆಯುವಾಗ ಅಂಚು ಮುರಿದು ನಡುವಿನ ಬಿಲ್ಲೆ ಮಾತ್ರ ಉಳಿಯಿತೆಂದೂ, ಅದನ್ನೇ ನಯಗೊಳಿಸಿ ಅವನು ತನ್ನ ಕಣ್ಣಿಗೆ ಇಟ್ಟುಕೊಂಡನೆಂದೂ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಸುಮಾರು 11 ಮಿಲಿಮೀಟರ್ ಅಗಲದ, ಕಾರ್ನಿಯಾದ ಮೇಲೆ ಮಾತ್ರ ಕೂತು ಕಣ್ಣೀರಿನಲ್ಲಿ ತೇಲುವ ಲೆನ್ಸ್ ಅಲ್ಲಿಂದ ಬಳಕೆಗೆ ಬಂತು. 1950ರ ದಶಕದಲ್ಲಿ ಅದು ಇನ್ನೂ ಚಿಕ್ಕದಾಯಿತು, ತೆಳ್ಳಗಾಯಿತು. ಲಕ್ಷಾಂತರ ಜನ ತೊಟ್ಟರು. 'ಒಗ್ಗುವುದು' ಎಂಬ ಮಾತು ಡಾಕ್ಟರರ ಬಾಯಲ್ಲಿ ನೆಲೆನಿಂತದ್ದು ಈ ಕಾಲದಲ್ಲಿ. ಮೊದಲ ವಾರ ನೋಯುತ್ತದೆ, ಸಹಿಸಿಕೊಳ್ಳಿ, ಆಮೇಲೆ ಕಣ್ಣು ಒಗ್ಗುತ್ತದೆ ಎಂಬ ಉಪದೇಶ. ಕಣ್ಣು ಒಗ್ಗುತ್ತಲೂ ಇತ್ತು. ಆದರೆ ಸಂಜೆ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಂಡರೆ ಒಂದಷ್ಟು ಹೊತ್ತು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ದೀಪದ ಸುತ್ತ ಫಿಕ್ ಕಂಡ ಅದೇ ಬಣ್ಣದ ಬಳೆಗಳು. ಅತಿ ಹೊತ್ತು ತೊಟ್ಟ ದಿನ, ತೆಗೆದು ಮಲಗಿದ ಮೇಲೆ ನಡುರಾತ್ರಿ ಕಣ್ಣಿಗೆ ಮೆಣಸಿನಪುಡಿ ಬಿದ್ದಂಥ ಉರಿಯಿಂದ ಎದ್ದು ಕೂರುವವರೂ ಇದ್ದರು.

ಕಾರಣವೇನು? ಅರವತ್ತು ವರ್ಷಗಳ ಕಾಲ ಚಿಪ್ಪಿನಡಿಯ ದ್ರಾವಣದ ಮೇಲೆ ತಪ್ಪು ಹೊರಿಸಲಾಗಿತ್ತು. ಉಪ್ಪು ಹೆಚ್ಚಾಯಿತೋ, ಸಕ್ಕರೆ ಕಡಿಮೆಯಾಯಿತೋ ಎಂದು ಹುಡುಕಾಟ ನಡೆದಿತ್ತು. 1952ರಲ್ಲಿ ಅಮೆರಿಕದ ಸ್ಮೆಲ್ಸರ್ ಮತ್ತು ಒಜಾನಿಕ್ಸ್ ಎಂಬ ಸಂಶೋಧಕರು ಇದನ್ನು ಬೇರೆ ದಾರಿಯಿಂದ ಪರೀಕ್ಷಿಸಿದರು. ಕಣ್ಣಿಗೆ ಬಿಗಿಯಾಗಿ ಕೂರುವ ಕನ್ನಡಕದಂಥ ಮುಚ್ಚಿಗೆಯೊಳಗೆ ಆಮ್ಲಜನಕವಿಲ್ಲದ ನೈಟ್ರೋಜನ್ ಹಾಯಿಸಿದರು. ಲೆನ್ಸ್ ಇಲ್ಲದಿದ್ದರೂ ಮಬ್ಬು ಬಂತು, ಬಣ್ಣದ ಬಳೆಗಳು ಬಂದವು. ಅಲ್ಲಿಗೆ ಗುಟ್ಟು ಬಯಲಾಯಿತು. ಪಾರದರ್ಶಕವಾಗಿರಬೇಕಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದು ತನಗೆ ಬೇಕಾದ ಆಮ್ಲಜನಕದ ದೊಡ್ಡ ಪಾಲನ್ನು ನೇರವಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಪಿಎಂಎಂಎ ಮೂಲಕ ಆಮ್ಲಜನಕ ಹಾಯುವುದಿಲ್ಲವೆಂದೇ ಹೇಳಬೇಕು. ರೆಪ್ಪೆ ಬಡಿದಾಗ ಲೆನ್ಸಿನಡಿ ನುಗ್ಗುವ ಹೊಸ ಕಣ್ಣೀರು ತಂದುಕೊಟ್ಟಷ್ಟೇ ಉಸಿರು. ಉಸಿರು ಕಟ್ಟಿದ ಕಾರ್ನಿಯಾ ಊದಿಕೊಳ್ಳುತ್ತಿತ್ತು, ಅದರಿಂದ ಮಬ್ಬು. ಇಲ್ಲೊಂದು ವಿಚಿತ್ರ ಸಂಗತಿಯಿದೆ. ಲೆನ್ಸಿನ ಫಿಕ್‌ನ ಚಿಕ್ಕಪ್ಪ, ಅದೇ ಅಡಾಲ್ಫ್ ಫಿಕ್ ಹೆಸರಿನವರು, 1855ರಲ್ಲೇ ವಸ್ತುಗಳು ಹೇಗೆ ಒಂದರೊಳಗೊಂದು ಹರಡುತ್ತವೆ ಎಂಬ ನಿಯಮವನ್ನು ಬರೆದಿದ್ದರು. ಪ್ಲಾಸ್ಟಿಕ್ಕಿನ ಮೂಲಕ ಆಮ್ಲಜನಕ ಎಷ್ಟು ಹಾಯುತ್ತದೆಂಬ ಲೆಕ್ಕಕ್ಕೆ ಇಂದಿಗೂ ಆ ನಿಯಮವೇ ಆಧಾರ. ಮಗ ಮಾಡಿದ ಚಿಪ್ಪು ಸೋತದ್ದೇಕೆ ಎಂಬುದರ ಉತ್ತರ ಚಿಕ್ಕಪ್ಪನ ಕಪಾಟಿನಲ್ಲೇ ಇತ್ತು.

ಇದಕ್ಕಿಂತ ಕಹಿಯಾದ ಸಂಗತಿ 1970ರ ದಶಕದಲ್ಲಿ ಹೊರಬಿತ್ತು. ಮಿಶೆಲ್ ಮಿಲ್ಲೊಡೊ ಎಂಬ ವಿಜ್ಞಾನಿ ನವಿರಾದ ನೈಲಾನ್ ಎಳೆಯಿಂದ ಕಾರ್ನಿಯಾವನ್ನು ಮೆಲ್ಲಗೆ ಮುಟ್ಟಿ, ಯಾರಿಗೆ ಎಷ್ಟು ಒತ್ತಡದಲ್ಲಿ ಸ್ಪರ್ಶ ತಿಳಿಯುತ್ತದೆಂದು ಅಳೆದರು. ಗಟ್ಟಿ ಲೆನ್ಸ್ ತೊಟ್ಟವರ ಕಣ್ಣಿನ ಸ್ಪರ್ಶಜ್ಞಾನ ಕುಗ್ಗಿತ್ತು. ವರ್ಷಗಟ್ಟಲೆ ತೊಟ್ಟವರು ಲೆನ್ಸ್ ಬಿಟ್ಟರೂ ಅದು ಮರಳಿ ಬರಲು ತಿಂಗಳುಗಳೇ ಹಿಡಿದವು. ಅಂದರೆ 'ಒಗ್ಗಿತು' ಎಂದು ನಂಬಿದ್ದರಲ್ಲಿ ಒಂದು ಪಾಲು ಮರಗಟ್ಟುವಿಕೆ. ಕಣ್ಣು ನೆಮ್ಮದಿಯಿಂದ ಸುಮ್ಮನಾಗಿರಲಿಲ್ಲ. ಕೂಗುವ ಶಕ್ತಿ ಕಳೆದುಕೊಂಡು ಸುಮ್ಮನಾಗಿತ್ತು. ಮನುಷ್ಯರ ಬಾಳಿನಲ್ಲೂ ಈ ಎರಡು ಬಗೆಯ ಮೌನಗಳನ್ನು ಬೇರ್ಪಡಿಸಿ ನೋಡಲು ನಾವು ಎಷ್ಟೋ ಸಲ ಸೋಲುತ್ತೇವೆ. ಕೂಗುತ್ತಿಲ್ಲವೆಂದರೆ ಒಗ್ಗಿದ್ದಾರೆ ಎಂದು ತೀರ್ಮಾನಿಸುವುದು ಸುಲಭ.

ಪರಿಹಾರ ಎರಡು ದಿಕ್ಕಿನಿಂದ ಬಂತು. ಒಂದು ಪ್ರಾಗ್ ನಗರದಿಂದ. ರಾಜಕೀಯ ಕಾರಣಕ್ಕೆ ಕಾಲೇಜಿನ ಹುದ್ದೆ ಕಳೆದುಕೊಂಡಿದ್ದ ಒಟ್ಟೊ ವಿಕ್ಟರ್ಲೆ ಎಂಬ ರಸಾಯನ ವಿಜ್ಞಾನಿ 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳು ಮತ್ತು ಸೈಕಲ್ ಡೈನಮೊ ಜೋಡಿಸಿ ಮನೆಯಲ್ಲೇ ಮೃದು ಲೆನ್ಸ್ ತಯಾರಿಸಿದರು. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮೆತ್ತನೆಯ ಆ ಲೆನ್ಸ್ ಮೊದಲ ದಿನವೇ ಹಿತ. ಮಾರುಕಟ್ಟೆಯ ದೊಡ್ಡ ಭಾಗವನ್ನು ಅದು ಗೆದ್ದಿತು. ಇನ್ನೊಂದು ದಿಕ್ಕು ಅಮೆರಿಕದ ನಾರ್ಮನ್ ಗೇಲಾರ್ಡ್ ಅವರದು. ಗಟ್ಟಿ ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಬೆರೆಸಿದರೆ ಅದು ಆಮ್ಲಜನಕವನ್ನು ಒಳಬಿಡುತ್ತದೆ ಎಂದು ತೋರಿಸಿ 1974ರಲ್ಲಿ ಪೇಟೆಂಟ್ ಪಡೆದರು. 1980ರ ದಶಕದಲ್ಲಿ ಫ್ಲೋರಿನ್ ಕೂಡ ಸೇರಿತು. ಇಂದು ಆರ್‌ಜಿಪಿ ಎಂದು ಕರೆಯುವ, ಗಟ್ಟಿಯಾಗಿದ್ದೂ ಉಸಿರಾಡುವ ಲೆನ್ಸ್ ಹೀಗೆ ಬಂತು. ಹಳೆಯ ಪಿಎಂಎಂಎ ಮೆಲ್ಲಗೆ ಮೂಲೆಗೆ ಸರಿಯಿತು.

ಮೃದು ಲೆನ್ಸ್ ಇರುವಾಗ ಗಟ್ಟಿಯದು ಯಾಕೆ ಬೇಕು ಎಂದು ಓದುಗರು ಕೇಳಬಹುದು. ಕೆರಟೋಕೋನಸ್ ಇರುವವರನ್ನು ಕೇಳಿದರೆ ಉತ್ತರ ಸಿಗುತ್ತದೆ. ಹದಿಹರೆಯದಲ್ಲಿ ಶುರುವಾಗುವ ಈ ಕಾಯಿಲೆಯಲ್ಲಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚಾಚುತ್ತದೆ. ಕಣ್ಣುಜ್ಜುವ ಅಭ್ಯಾಸ, ಅಲರ್ಜಿ ಅದನ್ನು ಬೆಳೆಸುತ್ತವೆ. ಒಂದು ದೀಪ ಮೂರು ನಾಲ್ಕಾಗಿ ಕಾಣುತ್ತದೆ. ಕಾಯಿಲೆ ಬಲಿತರೆ ಕನ್ನಡಕದಿಂದ ಪ್ರಯೋಜನವಿಲ್ಲ. ಮೃದು ಲೆನ್ಸ್ ಸೊಟ್ಟ ಕಾರ್ನಿಯಾದ ಮೇಲೆ ತಾನೂ ಸೊಟ್ಟಗೆ ಕೂರುತ್ತದೆ. ಗಟ್ಟಿ ಲೆನ್ಸ್ ಮಾತ್ರ ತನ್ನ ಆಕಾರ ಬಿಡದೆ ನಿಂತು, ಕಣ್ಣೀರಿನಿಂದ ತಗ್ಗು ತುಂಬಿಸಿ, ನೋಟವನ್ನು ನೇರ ಮಾಡುತ್ತದೆ. ಇದು ನಮ್ಮ ದೇಶಕ್ಕೆ ದೂರದ ಸಂಗತಿಯಲ್ಲ. ನಾಗಪುರದ ಹತ್ತಿರದ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾರ್ನಿಯಾದ ಉಬ್ಬಿನ ಅಳತೆಯನ್ನೇ ಆಧಾರವಾಗಿಟ್ಟು, ಮೂವತ್ತು ದಾಟಿದವರಲ್ಲಿ ನೂರಕ್ಕೆ 2.3 ಜನರಲ್ಲಿ ಈ ಲಕ್ಷಣ ಕಂಡಿತು. ಅಮೆರಿಕದ ಹಳೆಯ ಅಧ್ಯಯನವೊಂದರಲ್ಲಿ ಆ ಸಂಖ್ಯೆ ಲಕ್ಷಕ್ಕೆ ಸುಮಾರು 54. ಎರಡೂ ಕಡೆಯ ಅಳತೆಗೋಲು ಬೇರೆಯಾದರೂ ಅಂತರ ಯೋಚಿಸುವಂಥದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪಿಸಿ 2003ರಲ್ಲಿ ಪ್ರಕಟಿಸಿದ, ವಿಟಮಿನ್ ಹನಿ ಮತ್ತು ಅತಿನೇರಳೆ ಬೆಳಕಿನ ಚಿಕಿತ್ಸೆ ಈಗ ಕಾಯಿಲೆಯನ್ನು ತಡೆದು ನಿಲ್ಲಿಸುತ್ತದೆ. ಆದರೆ ಈಗಾಗಲೇ ಸೊಟ್ಟಗಾದ ನೋಟಕ್ಕೆ ಬಹುಮಂದಿಗೆ ಗಟ್ಟಿ ಲೆನ್ಸೇ ಊರುಗೋಲು.

ಫಿಕ್‌ನ ದೊಡ್ಡ ಚಿಪ್ಪು ಕೂಡ ಮರಳಿ ಬಂದಿದೆ. ಬಿಳಿಗುಡ್ಡೆಯ ಮೇಲೆ ಕಾಲೂರಿ, ಕಾರ್ನಿಯಾವನ್ನು ಮುಟ್ಟದೆ, ಅಡಿಯಲ್ಲಿ ಉಪ್ಪುನೀರಿನ ಪುಟ್ಟ ಕೊಳ ಹೊತ್ತ ಸ್ಕ್ಲೀರಲ್ ಲೆನ್ಸ್. ಯೋಚನೆ 1888ರದೇ, ವಸ್ತು ಮಾತ್ರ ಉಸಿರಾಡುವಂಥದು. ಔಷಧಿ ಒಗ್ಗದೆ ಮೈಯೆಲ್ಲ ಬೆಂದಂತಾಗುವ ಸ್ಟೀವನ್ಸ್ ಜಾನ್ಸನ್ ಕಾಯಿಲೆಯಿಂದ ಕಣ್ಣೀರು ಬತ್ತಿದವರಿಗೆ ಇದು ವರ. ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಚೆನ್ನೈನ ಶಂಕರ ನೇತ್ರಾಲಯದಂಥ ಕಡೆ ಇಂಥ ಲೆನ್ಸುಗಳನ್ನು ಕೂರಿಸಿದ್ದಾರೆ. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದಲ್ಲ. ಫ್ಯಾಷನ್ನಿನ ಸಾಮಾನು ಎಂಬ ಹಣೆಪಟ್ಟಿ ಅಂಟಿರುವುದರಿಂದ ಲೆನ್ಸಿಗೆ ಸಹಾಯ ಕೇಳಲು ಬಡ ಹುಡುಗ ಹುಡುಗಿಯರು ಸಂಕೋಚಪಡುತ್ತಾರೆ. ಕಾಲಿಲ್ಲದವರಿಗೆ ಕೃತಕ ಕಾಲು ಕೊಡಿಸುವ ನಾವು ಇದನ್ನೂ ಅದೇ ಸಾಲಿಗೆ ಸೇರಿಸಿಕೊಳ್ಳಬೇಕಾಗಿದೆ.

ಇನ್ನು ಮೊದಲ ದಿನದ ಮಾತು. ಗಟ್ಟಿ ಲೆನ್ಸ್ ತೊಡುವ ನಾವೆಲ್ಲ ದಾಟಿಬಂದ ದಿನ ಅದು. ಒಂಬತ್ತು ಹತ್ತು ಮಿಲಿಮೀಟರಿನ ಬಿಲ್ಲೆ ಕಣ್ಣಿಗೆ ಕೂತೊಡನೆ ಕಣ್ಣೀರು ಧಾರೆಯಾಗಿ ಸುರಿಯುತ್ತದೆ, ಮೂಗು ಸೋರುತ್ತದೆ, ತಲೆ ತಾನಾಗಿ ಹಿಂದಕ್ಕೆ ವಾಲುತ್ತದೆ. ಎದುರಿಗಿದ್ದವರು ಯಾಕೆ ಅಳುತ್ತೀರಿ ಎಂದು ಕೇಳುತ್ತಾರೆ. ಕೆರೆಯುವುದು ಹೆಚ್ಚಾಗಿ ಕಾರ್ನಿಯಾ ಅಲ್ಲ. ಬಡಿಯುವಾಗ ಲೆನ್ಸಿನ ಅಂಚಿಗೆ ತಾಗುವ ರೆಪ್ಪೆಯ ಒಳ ಅಂಚು. ಅದಕ್ಕೇ ಕೆಳಗೆ ನೋಡಿದರೆ ಸ್ವಲ್ಪ ಹಿತವೆನಿಸುತ್ತದೆ. ಮೊದಲ ದಿನ ಮೂರು ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಏರಿಸುತ್ತ ಹೋದರೆ ಎರಡು ಮೂರು ವಾರಗಳಲ್ಲಿ ರೆಪ್ಪೆ ಆ ಅಂಚಿನ ಪರಿಚಯ ಮಾಡಿಕೊಳ್ಳುತ್ತದೆ. ಬೆರಳಿನ ಉಂಗುರವನ್ನು ನಾವು ಮರೆಯುವಂತೆ ಮನಸ್ಸೂ ಅದನ್ನು ಮರೆಯುತ್ತದೆ. ಇದು ನಿಜವಾದ ಒಗ್ಗುವಿಕೆ. ಬಸ್ಸಿನ ಕಿಟಕಿಯ ಧೂಳು ಮಾತ್ರ ಯಾವ ಹಳಬರಿಗೂ ಒಗ್ಗುವುದಿಲ್ಲ. ಲೆನ್ಸಿನಡಿ ಒಂದು ಕಣ ಸಿಕ್ಕಿದರೆ ಬಸ್ಸಲ್ಲೇ ಕಣ್ಣುಮುಚ್ಚಿ ಕೂರಬೇಕು.

ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆಯುವುದು, ಎಂಜಲು ಹಚ್ಚಿ ಹಾಕಿಕೊಳ್ಳುವುದು ಬೇಡವೇ ಬೇಡ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹೊಕ್ಕರೆ ದೃಷ್ಟಿಯನ್ನೇ ಕಸಿಯಬಲ್ಲದು. 1980ರ ದಶಕದಲ್ಲಿ ಮನೆಯಲ್ಲೇ ಉಪ್ಪುನೀರು ಮಾಡಿಕೊಂಡವರು ಇದರಿಂದ ಕಣ್ಣು ಕಳೆದುಕೊಂಡರು. ಕಣ್ಣು ಕೆಂಪಾಗಿ ಬೆಳಕು ನೋಡಲಾಗದಿದ್ದರೆ, ತೆಗೆದ ಮೇಲೂ ನೋವು ಉಳಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಸಹಿಸಬೇಕಾದ ನೋವಲ್ಲ, ಅಂದೇ ಡಾಕ್ಟರಿಗೆ ತೋರಿಸಬೇಕಾದ ನೋವು. ಏನೂ ತೊಂದರೆ ಇಲ್ಲವೆನಿಸಿದರೂ ವರ್ಷಕ್ಕೊಮ್ಮೆ ಕಾರ್ನಿಯಾವನ್ನು ಪರೀಕ್ಷೆ ಮಾಡಿಸಬೇಕು, ಏಕೆಂದರೆ ಕಣ್ಣಿನ ಮೌನವನ್ನು ನೆಚ್ಚಿಕೊಳ್ಳುವಂತಿಲ್ಲ ಎಂದು ಈ ಚರಿತ್ರೆ ನಮಗೆ ಕಲಿಸಿದೆ.

ಸಹನೆ ಒಳ್ಳೆಯ ಗುಣವೆಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಮೊದಲ ಎರಡು ವಾರಗಳ ಸಹನೆ ಇಲ್ಲದೆ ಗಟ್ಟಿ ಲೆನ್ಸ್ ಯಾರಿಗೂ ದಕ್ಕದು. ಆದರೆ ಪಿಎಂಎಂಎ ಕಾಲದ ಲಕ್ಷಾಂತರ ಕಣ್ಣುಗಳು ಸಹಿಸಿದ್ದಕ್ಕೆ ಲೆನ್ಸ್ ಉತ್ತಮವಾಗಲಿಲ್ಲ. ಆ ಕಣ್ಣುಗಳು ಯಾಕೆ ನೋಯುತ್ತಿವೆ, ಯಾಕೆ ಸುಮ್ಮನಾದವು ಎಂದು ಕೆಲವರು ಕೂತು ಕೇಳಿದ್ದಕ್ಕೆ ಉತ್ತಮವಾಯಿತು. ಒಗ್ಗಿಕೊಳ್ಳುವ ಕೆಲಸವನ್ನು ಕಣ್ಣೊಂದಕ್ಕೇ ವಹಿಸದೆ, ಗಾಜು ಮತ್ತು ಪ್ಲಾಸ್ಟಿಕ್ ಕೂಡ ಕಣ್ಣಿಗೆ ಒಗ್ಗಬೇಕು ಎಂದು ಹಟ ಹಿಡಿದವರಿಂದ ಇಂದು ನಮಗೆ ಕಾಣುತ್ತಿದೆ.